ಹೆಸರು ಮೊಳಕೆಯೊಡೆದ ಶ್ರಾವಣ

ಪುಸ್ತಕದ ಎಂಬತ್ತೊಂದನೆಯ ಪುಟ ಖಾಲಿ ಇದೆ ಎಂದು ದೂರು ಹೊತ್ತು ಬಂದವರಲ್ಲಿ ಆ ಹುಡುಗಿ ಆರನೆಯವಳೋ ಏಳನೆಯವಳೋ ಇರಬೇಕು. ಮುಂಡರಗಿ ಕಡೆಯವಳು, ಗದಗಿನಲ್ಲಿ ಬಿ.ಎ. ಓದುತ್ತಾಳಂತೆ. ಹೋದ ವಾರ ನಮ್ಮ ಮುದ್ರಣಾಲಯದ ಮೆಟ್ಟಿಲು ಹತ್ತಿ ಬಂದು, ಮಳೆಗೆ ನೆನೆದ ಚೀಲದಿಂದ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಅಕ್ಕಾರ, ಇದರಾಗ ಒಂದ ಪುಟ ಅಚ್ಚ ಆಗಿಲ್ರಿ. ಮ್ಯಾಲೆ ತಲಿಬರಹ ಅಷ್ಟ ಐತಿ, ಕೆಳಗ ಏನೂ ಇಲ್ಲ. ಬದಲಿ ಕೊಡ್ತೀರೇನ್ರಿ?"

ಪುಸ್ತಕದ ಅಂಚು ತೊಯ್ದಿತ್ತು. ತೊಯ್ದ ಕಾಗದ ಮತ್ತು ಮಸಿ ಕೂಡಿದರೆ ಒಂದು ಹುಳಿ ವಾಸನೆ ಬರುತ್ತದೆ, ನಮ್ಮ ಕಸುಬಿನವರಿಗೆ ಅದು ಅನ್ನದ ವಾಸನೆಯಷ್ಟೇ ಪರಿಚಿತ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸರಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಮರುವರ್ಷದ ಶ್ರಾವಣ ನೆನಪಾಯಿತು. ಆ ಹುಡುಗಿಗೆ ಕುಳಿತುಕೋ ಎಂದು ಹೇಳಿ ಚಹಾಕ್ಕೆ ಹೇಳಿದೆ. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅದಾಗಿರಲಿಲ್ಲ.

ನಾನು ಬೆಟಗೇರಿಯ ನೇಕಾರರ ಮನೆಯ ಮಗಳು. ಅಪ್ಪ ಮಗ್ಗದ ಮುಂದೆ ಕುಳಿತು ಬೆನ್ನು ಬಾಗಿಸಿಕೊಂಡ, ನಾನು ಕಂಪ್ಯೂಟರಿನ ಮುಂದೆ ಕುಳಿತು ಬಾಗಿಸಿಕೊಳ್ಳುತ್ತಿದ್ದೇನೆ. ಗದಗಿನ ಈ ಸಣ್ಣ ಮುದ್ರಣಾಲಯದಲ್ಲಿ ಹದಿನಾಲ್ಕು ವರ್ಷದಿಂದ ಟೈಪು ಮಾಡುವುದು, ಪ್ರೂಫು ತಿದ್ದುವುದು ನನ್ನ ಕೆಲಸ. ಹೆಚ್ಚಾಗಿ ಲಗ್ನಪತ್ರಿಕೆ, ಆಮೇಲೆ ಗೃಹಪ್ರವೇಶ, ವರ್ಷಕ್ಕೆ ಒಂದೆರಡು ಅಭಿನಂದನ ಗ್ರಂಥ. ಈ ಅಭಿನಂದನ ಗ್ರಂಥಗಳ ಹಿರಿಯರೆಲ್ಲ ಬರಿಗಾಲಲ್ಲಿ ನಡೆದು ಶಾಲೆ ಕಲಿತವರೇ, ಬೀದಿ ದೀಪದ ಕೆಳಗೆ ಓದಿದವರೇ. ಲಕ್ಕುಂಡಿಯ ಹಿರಿಯರೊಬ್ಬರು ತಾವು ದಿನಾಲು ಹದಿನೈದು ಮೈಲಿ ನಡೆದು ಗದಗಿಗೆ ಬರುತ್ತಿದ್ದುದಾಗಿ ಬರೆದಿದ್ದರು. ಲಕ್ಕುಂಡಿ ನನ್ನ ಗಂಡನ ಮನೆಯ ಊರು. ದಿನಾ ಬಸ್ಸಿನಲ್ಲಿ ಓಡಾಡುವ ನನಗೆ ಆ ದಾರಿ ಅದರ ಅರ್ಧವೂ ಆಗುವುದಿಲ್ಲವೆಂದು ಚೆನ್ನಾಗಿ ಗೊತ್ತು. ಆದರೂ ಹದಿನೈದು ಎಂದೇ ಟೈಪು ಮಾಡಿದೆ. ಯಾರೂ ಹಗ್ಗ ಹಿಡಿದು ರಸ್ತೆ ಅಳೆಯಲು ಹೋಗಲಿಲ್ಲ, ಬಿಡುಗಡೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು.

ಗಿರಿಜಾ ಅಕ್ಕೋರು ಬಂದದ್ದು ಆ ಗ್ರಂಥದ ಕೆಲಸ ಮುಗಿದ ಮಾರನೆಯ ವಾರ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತೇವೆ. ಲಕ್ಷ್ಮೇಶ್ವರದ ಒಂದು ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅ ಆ ಇ ಈ ತಿದ್ದಿಸಿ ನಿವೃತ್ತರಾದವರು. ಎಡಗಾಲು ಎಳೆದು ಹಾಕುತ್ತ ಮೆಟ್ಟಿಲು ಹತ್ತಿ ಬಂದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿದ ನಾಲ್ಕು ನೋಟುಬುಕ್ಕು ನನ್ನ ಮುಂದಿಟ್ಟರು. ಕಾಗುಣಿತ ಬೇಕಾದರೆ ತಿದ್ದು, ಮಾತು ತಿದ್ದಬೇಡ ಎಂದರು. ಇದು ಕಥೆಯಲ್ಲ, ನಡೆದದ್ದು ಎಂದರು.

ನಡೆದದ್ದು ಇಷ್ಟು. ಶಿರಹಟ್ಟಿಯ ಶಾಲೆಯ ಏಳನೆತ್ತೆ ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯನ್ನು ಹದಿನೈದಕ್ಕೆ ಲಕ್ಷ್ಮೇಶ್ವರದ ಜಮೀನುದಾರರ ಮನೆಗೆ ಕೊಟ್ಟರು. ಆಕೆ ತವರಿನಿಂದ ತಂದ ಪುಸ್ತಕಗಳು ಮೊದಲ ವಾರದಲ್ಲೇ ಸ್ನಾನದ ನೀರಿನ ಒಲೆಗೆ ಹೋದವು. ಗಂಡ ಒಳ್ಳೆಯವನು, ಒಳ್ಳೆಯವನಾಗಿಯೇ ಸುಮ್ಮನಿದ್ದ. ಆ ಮನೆಯ ಅಂಗಳದಲ್ಲಿ ಹಗೇವು ಇತ್ತು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕೋಣೆ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿ ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ, ಕೆಟ್ಟ ಗಾಳಿ ಕೂತಿರುತ್ತದೆ. ಮೊದಲು ದೀಪ ಇಳಿಸಿ ನೋಡಬೇಕು, ಆರಿದರೆ ಆ ದಿನ ಇಳಿಯಬಾರದು. ಮನೆಯಲ್ಲಿ ಎಲ್ಲರಿಗಿಂತ ಸಣಕಲು ಎಂದು ಸೊಸೆಯನ್ನೇ ನಿಚ್ಚಣಿಕೆ ಕೊಟ್ಟು ಇಳಿಸುತ್ತಿದ್ದರು. ದೀಪವನ್ನು ಇಳಿಸುತ್ತಿರಲಿಲ್ಲ, ಎಣ್ಣೆ ಯಾಕೆ ದಂಡ ಎಂದು. ಎರಡು ಸಲ ಒಳಗೇ ಎಚ್ಚರ ತಪ್ಪಿದ್ದನ್ನು ಅಕ್ಕೋರು ಅಂಗನವಾಡಿಯ ದಾಖಲೆ ಬರೆದಂತೆ ತಣ್ಣಗೆ ಬರೆದಿದ್ದರು.

ಸುಳ್ಳು ಯಾಕೆ ಹೇಳಲಿ, ಟೈಪು ಮಾಡುತ್ತ ನನಗೂ ಅನುಮಾನ ಬಂತು. ಪ್ರೂಫು ಒಯ್ಯಲು ಬಂದ ದಿನ, ಇಷ್ಟೆಲ್ಲ ಖರೆಯೇ ಆಗಿತ್ತೇ ಎಂದು ಕೇಳಿಯೇಬಿಟ್ಟೆ. ಅಕ್ಕೋರು ಕನ್ನಡಕದ ಮೇಲಿಂದ ನೋಡಿ, "ಯಾಕ, ನಿನಗ ಇದಕ್ಕಿಂತ ಕಡಿಮಿ ಬೇಕಾಗಿತ್ತೇನು?" ಅಂದರು. ಲಕ್ಕುಂಡಿಯ ಹಿರಿಯರಿಗೆ ಮೈಲಿಗಲ್ಲಿನ ಲೆಕ್ಕ ಕೇಳದ ನನಗೆ ಈ ಹೆಣ್ಣುಮಗಳನ್ನು ಕೇಳುವ ಧೈರ್ಯ ಎಲ್ಲಿಂದ ಬಂತು ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ನನಗೇ ನಾಚಿಕೆಯಾಯಿತು.

ಆ ಪುಸ್ತಕದಲ್ಲಿ ನನಗೆ ಅನುಮಾನವೇ ಬರದ ಅಧ್ಯಾಯ ಒಂದಿತ್ತು. ಒಂದೇ ಪುಟದ್ದು, ಎಂಬತ್ತೊಂದನೆಯದು. ತಲೆಬರಹ "ಮಾವನವರ ಉಪಕಾರ". ಮದುವೆಯಾಗಿ ನಾಲ್ಕು ವರ್ಷದ ಮೇಲೆ ಮಾವನವರೇ ಹತ್ತನೆತ್ತೆ ಪರೀಕ್ಷೆಯ ಅರ್ಜಿ ತಂದುಕೊಟ್ಟು, ಹೊರಗಿನಿಂದ ಕಟ್ಟು ಮಗಳೇ, ನಮ್ಮ ಮನೆಯ ಸೊಸೆ ನಾಲ್ಕಕ್ಷರ ಕಲಿಯಲಿ ಎಂದು ತಲೆಯ ಮೇಲೆ ಕೈಯಿಟ್ಟರೆಂದು ಬರೆದಿದ್ದರು. ಆ ಪುಟ ಟೈಪು ಮಾಡುವಾಗ ನನ್ನ ಕಣ್ಣು ತೇವವಾದದ್ದು ನಿಜ. ನೋಟುಬುಕ್ಕಿನ ಉಳಿದೆಲ್ಲ ಹಾಳೆಗಳಲ್ಲಿ ಹೊಡೆದು ಹಾಕಿದ ಸಾಲು, ಅಂಚಿನಲ್ಲಿ ಸೇರಿಸಿದ ಮಾತು ತುಂಬಿದ್ದವು. ಈ ಹಾಳೆಯಲ್ಲಿ ಮಾತ್ರ ಒಂದು ಕಾಟೂ ಇರಲಿಲ್ಲ, ಮುತ್ತಿನಂಥ ಅಕ್ಷರ. ಹದಿನಾಲ್ಕು ವರ್ಷ ಹಸ್ತಪ್ರತಿ ನೋಡಿದ ನಾನು ಅಷ್ಟಕ್ಕೇ ಎಚ್ಚರಾಗಬೇಕಿತ್ತು, ಆಗಲಿಲ್ಲ.

ತೊಂದರೆ ಶುರುವಾದದ್ದು ಅಕ್ಕೋರ ಸಡಗರದಿಂದಲೇ. ಪ್ರೂಫಿನ ಒಂದು ಪ್ರತಿಯನ್ನು ಮೈದುನನ ಮಗ ಮಹೇಶನಿಗೆ ಓದಲು ಕೊಟ್ಟರು. ಮಹೇಶ ವಕೀಲ. ಮಕ್ಕಳಿಲ್ಲದ ಅಕ್ಕೋರ ತೊಡೆಯ ಮೇಲೆ ಬೆಳೆದವನು, ದೊಡ್ಡವ್ವ ಎಂದರೆ ಜೀವ ಬಿಡುವವನು. ಅವನು ಕೆಟ್ಟವನಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಮಳೆ ಹಿಡಿದು ಮೂರನೆಯ ದಿನ ಅವನು ನಮ್ಮ ಮಾಲೀಕರು ಶರಣಪ್ಪನವರ ಮುಂದೆ ಬಂದು ಕುಳಿತ. ಕೈಯಲ್ಲಿ ಟೈಪು ಮಾಡಿಸಿದ ಕಾಗದ. ಮೊದಲನೆಯದು, ನಮ್ಮ ಮನೆಯಲ್ಲಿ ಹಗೇವು ಇರಲೇ ಇಲ್ಲ, ಅಂಗಳಕ್ಕೆ ಕಾಂಕ್ರೀಟು ಇದೆ. ಎರಡನೆಯದು, ಶಿರಹಟ್ಟಿ ಶಾಲೆಯ ಹಳೆಯ ರಜಿಸ್ಟರನ್ನು ನಾನೇ ಖುದ್ದು ನೋಡಿ ಬಂದಿದ್ದೇನೆ, ಆ ವರ್ಷಗಳಲ್ಲಿ ಗಿರಿಜಾ ಎಂಬ ಹುಡುಗಿ ಅಲ್ಲಿ ಕಲಿತೇ ಇಲ್ಲ. ಮೊದಲ ಅಧ್ಯಾಯವೇ ಸುಳ್ಳಾದ ಮೇಲೆ ಉಳಿದದ್ದು ಖರೆ ಎಂದು ಹೇಗೆ ನಂಬುವುದು? ಈಗಿನ ಹೆಣ್ಣುಮಕ್ಕಳ ಆತ್ಮಕಥೆಯೆಂದರೆ ಗೋಳು, ಗೋಳಿಲ್ಲದಿದ್ದರೆ ಯಾರೂ ಓದುವುದಿಲ್ಲವೆಂದು ಯಾರೋ ದೊಡ್ಡವ್ವನ ತಲೆ ತುಂಬಿದ್ದಾರೆ. ಎಂಬತ್ತೊಂದನೆಯ ಪುಟವೊಂದು ಅಪ್ಪಟ ಬಂಗಾರ, ಅದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ನಾನು ಗುರುತು ಹಾಕಿದಂತೆ ತೆಗೆಯಿರಿ. ತಲೆಯ ತುಂಬ ಕಾನೂನು, ಕಣ್ಣ ತುಂಬ ನೀರು ಅವನದು. ನಮ್ಮ ಅಜ್ಜ ಅಂಥವರಲ್ಲ ಎಂದು ಮೂರು ಸಲ ಹೇಳಿದ.

ಶರಣಪ್ಪನವರಿಗೆ ಇಕ್ಕಟ್ಟು. ಆ ಮನೆತನದ ಲಗ್ನಪತ್ರಿಕೆಗಳೆಲ್ಲ ಅವರ ತಂದೆಯ ಕಾಲದಿಂದ ನಮ್ಮಲ್ಲೇ ಅಚ್ಚಾಗುತ್ತಿದ್ದವು. ಶನಿವಾರ ಎಲ್ಲರೂ ಕೂಡಿ ಮಾತಾಡೋಣ, ಅಲ್ಲಿಯವರೆಗೆ ಮಶೀನು ಹಚ್ಚುವುದಿಲ್ಲ ಎಂದು ಹೇಳಿ ಕಳಿಸಿದರು. ನನ್ನ ಕಡೆ ತಿರುಗಿ, ಪುಸ್ತಕ ನಿಂತರೂ ನಿಂತೀತು ಎಂದರು.

ನಾನು ಅಕ್ಕೋರಿಗೆ ಫೋನು ಹಚ್ಚಿದೆ. ಹಗೇವಿನ ಮಾತು ಕೇಳಿ, "ಅವನ ಕಾರು ದಿನಾ ಅದರ ಮ್ಯಾಲೆನ ನಿಂದರತೈತಿ" ಅಂದರು. ಶಾಲೆಯ ರಜಿಸ್ಟರಿನಲ್ಲಿ ಹೆಸರಿಲ್ಲವಂತೆ ಎಂದಾಗ ಅವರು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ.

"ಅಲ್ಲಿ ಗಿರಿಜಾ ಹೆಂಗ ಸಿಗತಾಳ? ತವರಮನಿ ಹೆಸರು ನೀಲವ್ವ. ನಮ್ಮ ಅತ್ತಿ ಹೆಸರೂ ನೀಲವ್ವನ. ಅತ್ತಿ ಹೆಸರ ಹಿಡದು ಸೊಸಿನ್ನ ಬಯ್ಯಾಕ ಬರೂದಿಲ್ಲಲ್ಲ, ಅದಕ್ಕ ಲಗ್ನದಾಗ ಅಕ್ಕಿ ಮ್ಯಾಲೆ ಹೊಸಾ ಹೆಸರು ಬರದ್ರು."

ಆಮೇಲೆ ಹತ್ತನೆತ್ತೆ ಕಟ್ಟುವಾಗ ಕಚೇರಿಯಲ್ಲಿ ಬರೆದುಕೊಟ್ಟು ಸರ್ಟಿಫಿಕೇಟಿನಲ್ಲೂ ಗಿರಿಜಾ ಆದರಂತೆ. ತವರಿನ ಹೆಸರು ಗಂಡನ ಮನೆಯ ಹೊಸಿಲಲ್ಲಿ ಬಿಟ್ಟು ಬರುವುದು ನಮ್ಮ ಕಡೆ ಹಳೆಯ ಪದ್ಧತಿ. ನನ್ನ ಹೆಸರನ್ನು ಬದಲಿಸಲಿಲ್ಲ. ಮರ್ಯಾದೆಗಲ್ಲ, ಆಧಾರ್ ಕಾರ್ಡಿನ ತಾಪತ್ರಯ ಬೇಡವೆಂದು. ಲಗ್ನಪತ್ರಿಕೆ ಟೈಪು ಮಾಡಿಯೇ ಹೊಟ್ಟೆ ಹೊರೆಯುವ ನನಗೂ ಈ ಮಾತು ಹೊಳೆದಿರಲಿಲ್ಲ, ವಕೀಲನಿಗೂ ಹೊಳೆದಿರಲಿಲ್ಲ. ಅವನು ಹುಟ್ಟಿದಾಗಿನಿಂದ ಆಕೆ ಗಿರಿಜಾ. ತಾವೇ ಬದಲಿಸಿದ ಹೆಸರನ್ನು ಹಿಡಿದುಕೊಂಡು ಹೋಗಿ, ಆ ಹೆಸರು ಇಲ್ಲ, ಆದ್ದರಿಂದ ನೀನು ಸುಳ್ಳಿ ಅನ್ನುವುದು! ನನಗೆ ಸಿಟ್ಟು ನೆತ್ತಿಗೇರಿತು. ಯಾರಿಗೂ ಹೇಳದೆ ಮರುದಿನ ರಜೆ ಹಾಕಿ ಶಿರಹಟ್ಟಿಯ ಬಸ್ಸು ಹತ್ತಿದೆ.

ಆ ವರ್ಷ ಹೆಸರಿನ ಬೆಳೆ ಚಲೋ ಬಂದಿತ್ತು. ಕಾಯಿ ಕಪ್ಪಾಗಿ ಇನ್ನೇನು ಬಿಡಿಸಬೇಕು ಎನ್ನುವಾಗ ಮಳೆ ಹಿಡಿದದ್ದು ನಾಲ್ಕು ದಿನವಾದರೂ ಬಿಟ್ಟಿರಲಿಲ್ಲ. ಸೊರಟೂರಿನಲ್ಲಿ ಬಸ್ಸು ಹತ್ತಿದ ಹೆಣ್ಣುಮಕ್ಕಳ ಸೀರೆಗಳಿಗೆ ಎರೆಮಣ್ಣು ಮೆತ್ತಿತ್ತು. ಪಕ್ಕದಲ್ಲಿ ಕುಳಿತ ಮುದುಕಿ ಎಲ್ಲಿಗೆ ಹೊರಟೆ ಎಂದು ಕೇಳಿದಳು. ನಾನು ನನ್ನದೇ ಗುಂಗಿನಲ್ಲಿ, ಹೆಸರು ಹುಡುಕಲು ಹೊರಟಿದ್ದೇನೆ ಎಂದೆ. ಆಕೆ ನನ್ನನ್ನು ಕರುಣೆಯಿಂದ ನೋಡಿ, "ಈ ಮಳ್ಯಾಗ ಹೆಸರು ಎಲ್ಲಿ ಉಳದಾವಬೇ? ಎಲ್ಲಾ ಕಾಯಾಗ ಮೊಳಕಿ ಒಡದಾವು" ಅಂದಳು. ಮಡಿಲಿನಿಂದ ಒಂದು ಕಾಯಿ ತೆಗೆದು ಬಿಡಿಸಿ ತೋರಿಸಿದಳು. ಕರಿ ಸಿಪ್ಪೆಯೊಳಗೆ ಕಾಳು ಕಾಳಿಗೂ ಬಿಳಿ ಮೊಳಕೆ. ಮಾರಲು ಬಾರದು, ಉಸಳಿ ಮಾಡಿ ತಿನ್ನಬೇಕು ಅಷ್ಟೇ ಎಂದು ಗೊಣಗಿದಳು. ನನಗೆ ಮಾತ್ರ ಅದು ಶುಭಶಕುನದಂತೆ ಕಂಡಿತು. ಅವಳ ನಷ್ಟದಲ್ಲಿ ನಾನು ಶಕುನ ಹುಡುಕಿದ್ದಕ್ಕೆ ಆಮೇಲೆ ಮನಸ್ಸಿಗೆ ಚುಚ್ಚಿತು.

ಶಾಲೆಯ ರಜಿಸ್ಟರು ಕೈ ಹಚ್ಚಿದರೆ ಪುಡಿಯಾಗುವಂತಿತ್ತು. ಅಕ್ಕೋರನ್ನು ನನ್ನವರನ್ನಾಗಿ ಮಾಡಿಕೊಂಡು, ನಮ್ಮ ದೊಡ್ಡವ್ವನ ಹೆಸರು ನೋಡಬೇಕಿತ್ತು ಎಂದು ವಿನಂತಿಸಿಕೊಂಡಾಗ ಅಲ್ಲಿಯ ಗುರುಗಳು ಎದುರಿಗೇ ಕುಳಿತು ಪುಟ ಮಗುಚಿದರು. ಅರ್ಧ ಗಂಟೆಗೆ ಸಿಕ್ಕಳು ನೀಲವ್ವ. ತಂದೆಯ ಹೆಸರು, ಊರು ಎಲ್ಲ ಸರಿ. ಏಳನೆತ್ತೆ ಪಾಸು. ಕೊನೆಯ ಅಂಕಣ, ಶಾಲೆ ಬಿಟ್ಟ ಕಾರಣ. ಅದರಲ್ಲಿ ಚೆಂದದ ಅಕ್ಷರದಲ್ಲಿ "ಪಾಲಕರ ಇಚ್ಛೆ" ಎಂದು ಬರೆದಿತ್ತು. ಅವಳೊಬ್ಬಳಿಗಲ್ಲ, ಆ ಪುಟದ ಹುಡುಗಿಯರಿಗೆಲ್ಲ ಅದೇ. ಬಂಗಾರವ್ವ, ಪಾಲಕರ ಇಚ್ಛೆ. ಫಾತಿಮಾ, ಪಾಲಕರ ಇಚ್ಛೆ. ಶಾಂತವ್ವ, ಪಾಲಕರ ಇಚ್ಛೆ. ಸರಕಾರಿ ದಾಖಲೆ, ಮುದ್ರೆ ಒತ್ತಿದ್ದು, ಯಾವ ನ್ಯಾಯಾಲಯವೂ ಒಪ್ಪುವಂಥದ್ದು. ಅಷ್ಟು ಹುಡುಗಿಯರ ಅಳು ಆ ಎರಡು ಪದದಲ್ಲಿ ಹೇಗೆ ಹಿಡಿಸಿತೋ. ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ.

ಅಲ್ಲಿಂದ ನೇರ ಲಕ್ಷ್ಮೇಶ್ವರಕ್ಕೆ ಹೋಗಿ ಅಕ್ಕೋರಿಗೆ ಫೋಟೋ ತೋರಿಸಿದೆ. ಬೆನ್ನು ತಟ್ಟುತ್ತಾರೆಂದು ತಿಳಿದಿದ್ದೆ. ಅವರು ಹಿಗ್ಗಲಿಲ್ಲ. ಫೋಟೋದಲ್ಲಿಯ ತಮ್ಮ ಹೆಸರನ್ನು ಬೆರಳಿನಿಂದ ಒಂದು ಸಲ ಸವರಿ ಮೊಬೈಲು ನನಗೆ ಮರಳಿ ಕೊಟ್ಟರು. "ನಿನ್ನಿ ಫೋನಿನ್ಯಾಗ ನಾ ಹೇಳಿದ್ದಿಲ್ಲೇನು? ನಾ ಹೇಳಿದ್ದು ನಿನಗೂ ಸಾಲಲಿಲ್ಲ" ಅಂದರು. ಅಷ್ಟೇ. ತಿನ್ನಲು ಉಸಳಿ ಹಾಕಿಕೊಟ್ಟರು, ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿ ಕಳಿಸಿದರು. ಬಯ್ದಿದ್ದರೆ ಚೆನ್ನಾಗಿತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ಕೂಡಿದರು. ಮಹೇಶ, ಅವನ ತಂದೆ ಚನ್ನಪ್ಪ, ಶರಣಪ್ಪನವರು, ನಾನು. ಅಕ್ಕೋರು ಕೊನೆಗೆ ಬಂದು ಕಾಗದದ ಗಂಟಿನ ಮೇಲೆ ಕುಳಿತರು, ಕುರ್ಚಿ ಬೇಡವೆಂದರು. ನಾನು ರಜಿಸ್ಟರಿನ ಫೋಟೋವನ್ನು ಕಂಪ್ಯೂಟರಿನ ಮೇಲೆ ದೊಡ್ಡದಾಗಿ ತೆರೆದು, ಗಿರಿಜಾ ಆಗುವ ಮೊದಲು ನಿಮ್ಮ ದೊಡ್ಡವ್ವನ ಹೆಸರು ಇದು ಎಂದೆ. ಮಹೇಶ ಓದಿದ. ತಂದೆಯ ಮುಖ ನೋಡಿದ. ಚನ್ನಪ್ಪನವರು ಹೌದೆನ್ನುವಂತೆ ಗೋಣು ಹಾಕಿದರು, ನನಗೆ ಮರೆತೇ ಹೋಗಿತ್ತು ಎಂದು ಸಣ್ಣಗೆ ಅಂದರು. ಹಗೇವಿನ ಮಾತನ್ನೂ ಅವರು ಅಲ್ಲಗಳೆಯಲಿಲ್ಲ.

ಮಹೇಶ ಸೋತವನಲ್ಲ. ಎಂಬತ್ತೊಂದನೆಯ ಪುಟದ ಪ್ರೂಫು ಎತ್ತಿಕೊಂಡ. ವಾದ ಗಟ್ಟಿಯಾಗಿತ್ತು.

"ದೊಡ್ಡವ್ವ, ನೀನ ಬರದೀದಿ ಇದನ್ನ. ಸೊಸಿ ತಲಿ ಮ್ಯಾಲೆ ಕೈಯಿಟ್ಟು ಕಲಿ ಅಂದ ಮನಷ್ಯಾ ಆಕಿ ಪುಸ್ತಕ ಒಲಿಗಿ ಹಾಕ್ತಾನ? ದೀಪಾ ಬಿಡದ ಹಗೇವಕ್ಕ ಇಳಸ್ತಾನ? ಎರಡೂ ಖರೆ ಆಗಾಕ ಬರೂದಿಲ್ಲ. ಇದರಾಗ ಯಾವದೋ ಒಂದು ಸುಳ್ಳ."

ಹೊರಗೆ ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ಶರಣಪ್ಪನವರು ನನ್ನನ್ನು ನೋಡಿದರು, ನಾನು ಅಕ್ಕೋರನ್ನು ನೋಡಿದೆ. ಎಲ್ಲ ಮುಗಿಯಿತು ಎನಿಸಿತು ನನಗೆ. ಅಕ್ಕೋರ ಪುಸ್ತಕವನ್ನು ಅವರ ಪುಸ್ತಕದಿಂದಲೇ ಮಹೇಶ ಕೊಂದಿದ್ದ.

"ಬರೋಬ್ಬರಿ ಹೇಳಿದಿ," ಅಂದರು ಅಕ್ಕೋರು. "ಒಂದು ಸುಳ್ಳ ಐತಿ. ನಿನ್ನ ಕೈಯಾಗ ಐತೆಲ್ಲ, ಅದ."

ಅವರೇ ಮುಂದುವರಿಸಿದರು, ಅಂಗನವಾಡಿಯ ಮಕ್ಕಳಿಗೆ ಹೇಳಿದಂತೆ ಬಿಡಿಸಿ ಬಿಡಿಸಿ.

"ನಿಮ್ಮ ಅಜ್ಜ ಅರ್ಜಿ ತಂದುಕೊಟ್ಟಿದ್ದಿಲ್ಲ. ನಾ ಕದ್ದು ತುಂಬಿದ್ದೆ. ಪರೀಕ್ಷಿ ದಿನಾ ಹೆಂಗೋ ಗೊತ್ತಾತು, ತಲಬಾಗಲಕ್ಕ ಕೀಲಿ ಹಾಕ್ಸಿದ. ಹಗೇವಕ್ಕ ನನ್ನ ಇಳಸ್ತಿದ್ದ ನಿಚ್ಚಣಿಕಿ ಹಿತ್ತಲದಾಗ ಬಿದ್ದಿತ್ತು. ಗ್ವಾಡಿಗಿ ಹಚ್ಚಿ ಹತ್ತಿದೆ, ಆ ಕಡೆ ಜಿಗದೆ. ಆರೂ ಪೇಪರು ಈ ಕಾಲಿಲೇ ಹೋಗಿ ಬರದೆ. ಮೊದಲನೇ ದಿನ ಕುಂಟಗೋತ ಹೋಗೂದನ್ನ ಊರ ಮಂದಿ ನೋಡಿತು, ಆ ಮ್ಯಾಲೆ ನಾಚಿಕಿಗಿ ಕೀಲಿ ಹಾಕಲಿಲ್ಲ."

ಮಹೇಶನ ಕಣ್ಣು ಅವರ ಎಡಗಾಲಿನ ಮೇಲೆ ನಿಂತಿತು. ಬಚ್ಚಲಲ್ಲಿ ಜಾರಿ ಬಿದ್ದದ್ದು ಎನ್ನುತ್ತಿದ್ದೆಯಲ್ಲ ಎಂದು ಕೇಳಿದ. ಅದನ್ನೂ ನಾನೇ ಹೇಳಿದ್ದು, ನೀನು ಸಣ್ಣವನಿದ್ದೆ ಎಂದರು ಅಕ್ಕೋರು. ಹಾಗಾದರೆ ಈ ಪುಟ ಯಾಕೆ ಬರೆದೆ ಎಂದ.

"ಖರೆಗೋಳಿಗೆ ಇದೊಂದು ಸುಳ್ಳ ವರದಕ್ಷಿಣಿ ಕೊಟ್ಟು ಕಳಿಸಿದ್ರ ನಿಮ್ಮ ಮನ್ಯಾಗ ಬಾಳೇವು ಮಾಡ್ಯಾವು ಅಂತ ತಿಳದಿದ್ದೆ. ನೀವು ವರದಕ್ಷಿಣಿ ಇಟಗೊಂಡು ಅವನ್ನ ಹೊರಗ ಹಾಕಾಕ ಬಂದೀರಿ."

ಅವನು ತಂದೆಯ ಕಡೆ ತಿರುಗಿದ. ಅಪ್ಪಾ, ಇದು ಖರೆಯೇ ಎಂದು ಕೇಳಿದ. ಚನ್ನಪ್ಪನವರು ಆಗ ಹನ್ನೆರಡು ಹದಿಮೂರರ ಹುಡುಗನಿದ್ದಿರಬೇಕು. ಅವರ ಮುಖ ನೋಡಿದರೆ ಆ ಕೀಲಿಯ ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದು ನನಗೂ ತಿಳಿಯುವಂತಿತ್ತು. ಅವರು ಬಾಯಿ ತೆರೆದರು. ಅಕ್ಕೋರು ಕೈಯೆತ್ತಿ ತಡೆದರು.

"ಅವನ್ನ್ಯಾಕ ಕೇಳ್ತಿ? ನಾ ಹೇಳೂದು ಸಾಲೂದಿಲ್ಲೇನು?"

ಅದೇ ಮಾತು. ನನ್ನ ಮುಂದೆ ಉಸಳಿಯ ತಾಟು ಇಡುವ ಮೊದಲು ಹೇಳಿದ ಮಾತು. ಅದು ಮಹೇಶನಿಗೆ ಎಷ್ಟು ತಾಗಿತೋ ನನಗೂ ಅಷ್ಟೇ ತಾಗಿತು. ಚನ್ನಪ್ಪನವರು ತೆರೆದ ಬಾಯಿ ಮುಚ್ಚಿದರು, ಇವತ್ತಿನವರೆಗೂ ಅವರು ಏನು ಹೇಳಲಿದ್ದರೆಂದು ಯಾರೂ ಕೇಳಿಲ್ಲ. ಕೇಳುವ ಅಗತ್ಯವಿಲ್ಲ.

ಮಹೇಶ ಪ್ರೂಫನ್ನು ಮೇಜಿನ ಮೇಲಿಟ್ಟು ಮಳೆಯಲ್ಲೇ ಇಳಿದು ಹೋದ, ತಂದೆ ಹಿಂದಿನಿಂದ ಹೋದರು. ಶರಣಪ್ಪನವರು ಬಹಳ ಹೊತ್ತು ಟೋಪಿ ಕೈಯಲ್ಲಿ ತಿರುಗಿಸುತ್ತ ಕುಳಿತರು. ಕೊನೆಗೆ ಎದ್ದು, "ಹಚ್ಚವಾ, ಮಶೀನ ಹಚ್ಚಸು" ಎಂದು ನನಗೆ ಹೇಳಿದರು. ಆ ಮನೆತನದ ಲಗ್ನಪತ್ರಿಕೆ ಆಮೇಲೆ ನಮ್ಮಲ್ಲಿಗೆ ಬರಲಿಲ್ಲ, ಶರಣಪ್ಪನವರು ಅದರ ಸುದ್ದಿಯನ್ನೂ ಎತ್ತಲಿಲ್ಲ.

ಸುಳ್ಳಿನ ಪುಟ ತೆಗೆಯುವುದು ನನಗೆ ಎರಡು ನಿಮಿಷದ ಕೆಲಸ. ಮುಂದಿನದನ್ನು ಮೇಲಕ್ಕೆ ಸರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಬೇಡವೆಂದರು ಅಕ್ಕೋರು. ತಲೆಬರಹ ಇರಲಿ, ಕೆಳಗೆ ಖಾಲಿ ಬಿಡು ಎಂದರು. ಹಾಗಾದರೆ ಖರೆ ನಡೆದದ್ದನ್ನೇ, ಆ ಗೋಡೆ ಹತ್ತಿದ್ದನ್ನೇ ಬರೆದುಕೊಡಿ ಎಂದೆ. "ಬರದ್ರ ಅದಕ್ಕೂ ಪುರಾವೆ ಕೇಳ್ತಾರ. ಖಾಲಿ ಹಾಳಿಗಿ ಯಾರು ಪುರಾವೆ ಕೇಳ್ತಾರ?" ಅಂದರು. ಮಂದಿ ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ ಎಂದು ಶರಣಪ್ಪನವರು ಕೈ ಹೊಸಕಿದರು. ಅಂದುಕೊಂಡು ಇಲ್ಲಿಗೇ ಬರಲಿ, ಹೇಳಲು ಇವಳಿದ್ದಾಳಲ್ಲ ಎಂದು ಅಕ್ಕೋರು ನನ್ನ ಕಡೆ ಬೆರಳು ತೋರಿಸಿದರು. ಮುಖಪುಟಕ್ಕೆ ಲೇಖಕಿಯ ಹೆಸರು ನೀಲವ್ವ ಎಂದು ಹಾಕಿಸಿದರು. ಅದು ಈಗ ಯಾರ ಅತ್ತೆಯದೂ ಅಲ್ಲ.

ಹೆಣ್ಣುಮಕ್ಕಳ ನೆನಪುಗಳಲ್ಲಿ ಸುಳ್ಳಿಲ್ಲ ಎಂದು ನಾನು ವಾದಿಸುವುದಿಲ್ಲ. ಇದೆ, ಬೇಕಾದಷ್ಟಿದೆ. ಆದರೆ ಅದನ್ನು ಹಿಡಿಯಲು ಹೊರಟವರು ನಾವು ಅತ್ತು ಬರೆದ ಕಡೆಗೆಲ್ಲ ಬ್ಯಾಟರಿ ಬಿಟ್ಟು ಹುಡುಕುತ್ತಾರೆ, ಹೊಗಳಿದ ಕಡೆಗೆ ಕೈಮುಗಿದು ಮುಂದೆ ಹೋಗುತ್ತಾರೆ. ನಾವು ಸುಳ್ಳು ಹೇಳುವುದು ಅಲ್ಲಿಯೇ. ಬಚ್ಚಲಲ್ಲಿ ಜಾರಿದೆ. ಪಾಲಕರ ಇಚ್ಛೆ. ಗಂಡನ ಮನೆಯವರು ಮಗಳಂತೆ ನೋಡಿಕೊಂಡರು. ವಾರಕ್ಕೊಮ್ಮೆ ಅವ್ವನಿಗೆ ಫೋನು ಹಚ್ಚಿದಾಗ ನಾನು ಏನು ಹೇಳುತ್ತೇನೆ? ಎಲ್ಲಾ ಆರಾಮ ಅದೇವಿ. ಅದಕ್ಕೆ ಯಾರೂ ಇವತ್ತಿನವರೆಗೆ ಪುರಾವೆ ಕೇಳಿಲ್ಲ. ನಮ್ಮ ಸುಳ್ಳಿನ ಮೇಲೆ ನಿಂತ ಮನೆತನಗಳು ನಮ್ಮ ಖರೆಗೆ ಸಾಕ್ಷಿ ಕೇಳುತ್ತವೆ. ಕೇಳಲಿ. ಖಾಲಿ ಪುಟ ಅಚ್ಚು ಹಾಕಲು ನನಗೆ ಬರುತ್ತದೆ.

ಮಹೇಶ ಮುದ್ರಣಾಲಯಕ್ಕೆ ಮತ್ತೆ ಬಂದಿಲ್ಲ. ದೊಡ್ಡವ್ವನ ಮನೆಗೆ ಹಬ್ಬಕ್ಕೆ ಹೋಗುತ್ತಾನಂತೆ, ಪುಸ್ತಕದ ಮಾತು ತೆಗೆಯುವುದಿಲ್ಲವಂತೆ. ಕಾರನ್ನು ಮಾತ್ರ ಈಗ ತನ್ನ ಮನೆಯ ಅಂಗಳದಲ್ಲಿ ನಿಲ್ಲಿಸುವುದಿಲ್ಲ, ಬೀದಿಯಲ್ಲಿ ನಿಲ್ಲಿಸುತ್ತಾನೆ ಎಂದು ಅಕ್ಕೋರು ಹೇಳಿದರು.

ಇಷ್ಟನ್ನೂ ಮುಂಡರಗಿಯ ಹುಡುಗಿಗೆ ಹೇಳಿ ಮುಗಿಸುವಾಗ ಅವಳ ಚಹಾ ಕೆನೆಗಟ್ಟಿತ್ತು. ಬೇಕಾದರೆ ಬೇರೆ ಪ್ರತಿ ಕೊಡುತ್ತೇನೆ, ಎಲ್ಲದರಲ್ಲೂ ಆ ಪುಟ ಹೀಗೇ ಇರುತ್ತದೆ ಎಂದೆ. ಬೇಡವೆಂದು ತಲೆಯಲ್ಲಾಡಿಸಿ, ಪುಸ್ತಕವನ್ನು ಓಢಣಿಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲ ತನಕ ಹೋದವಳು ನಿಂತಳು. ಫೋನು ಎರಡು ಸಲ ಹೊಡೆದುಕೊಂಡಿತು, ನೋಡಿ ಆರಿಸಿದಳು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು.

"ಆ ಹಿತ್ತಲ ಗ್ವಾಡಿ ಎಷ್ಟ ಎತ್ತರ ಇತ್ರಿ?"

ಈವರೆಗೆ ಪುರಾವೆ ಕೇಳಿದವರೆಲ್ಲ ಸುಳ್ಳು ಹಿಡಿಯಲು ಕೇಳಿದ್ದರು. ಇವಳ ದನಿ ಬೇರೆ ಇತ್ತು, ತಾನೇ ಹತ್ತಬೇಕಾದ ಗೋಡೆಯೊಂದನ್ನು ಅಳೆಯುವವಳಂತೆ. ನಾನು ಕುರ್ಚಿಯಿಂದ ಎದ್ದು ಅವಳ ಹತ್ತಿರ ಹೋದೆ.

"ನಿಚ್ಚಣಿಕಿಗಿಂತ ಗಿಡ್ಡ ಇತ್ತವಾ."